ಹಟ್ಟಿ, ಕಾವಲು ಮತ್ತು ವಿಶ್ವವಿದ್ಯಾಲಯ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯನ್ನು ಕುರಿತು

ಬಿ.ಜಿ. ಕೆರೆಯು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ, ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯ ಮೇಲಿರುವ ಊರು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಇಲ್ಲಿಂದ ಕಾಲೇಜು ಸೇರಿ ಪದವಿ ಪಡೆದವರ ಪ್ರಮಾಣಪತ್ರಗಳನ್ನು ಒಂದೆಡೆ ಜೋಡಿಸಿದರೆ ಮೂರು ವಿಶ್ವವಿದ್ಯಾಲಯಗಳ ಮುದ್ರೆಗಳು ಕಾಣಸಿಗುತ್ತವೆ. 1916ರಲ್ಲಿ ಸ್ಥಾಪನೆಗೊಂಡ ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ದೀರ್ಘಕಾಲ ಇದ್ದ ಈ ಜಿಲ್ಲೆ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದ ಮೇಲೆ ಶಂಕರಘಟ್ಟಕ್ಕೆ ಸೇರಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯದ ಪಾಲಿಗೆ ಬಂದಿತು. ಒಂದೇ ಮನೆಯ ಅಜ್ಜ ಮೈಸೂರಿನ, ಮಗ ಶಂಕರಘಟ್ಟದ, ಮೊಮ್ಮಗಳು ದಾವಣಗೆರೆಯ ಪದವೀಧರರಾಗಿರುವುದು ಅಸಂಭವವಲ್ಲ. ಊರು ಮಾತ್ರ ಇದ್ದಲ್ಲಿಯೇ ಇದೆ. ಇವರಲ್ಲಿ ಬಹುಪಾಲು ಜನರಿಗೆ ವಿಶ್ವವಿದ್ಯಾಲಯವೆಂದರೆ ಪ್ರವೇಶಪತ್ರ, ಅಂಕಪಟ್ಟಿ, ವಿಳಂಬವಾಗಿ ಬರುವ ಫಲಿತಾಂಶ. ಅದರಾಚೆಗೆ ಏನಾದರೂ ಸಂಬಂಧವಿತ್ತೇ ಎಂಬುದು ವಿಚಾರಾರ್ಹ.

ಸಂಬಂಧ ಇತ್ತು, ಆದರೆ ಅದು ವಿದ್ಯಾರ್ಥಿಗಳ ಮೂಲಕ ಬಂದುದಕ್ಕಿಂತ ಹೆಚ್ಚಾಗಿ ಸಂಶೋಧಕರ ಮೂಲಕ ಬಂದಿತು. ಈ ಸೀಮೆಯ ಜನ ತಮ್ಮ ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸುವ ಮುನ್ನವೇ ವಿಶ್ವವಿದ್ಯಾಲಯವು ಈ ಸೀಮೆಗೆ ಬಂದಿತ್ತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಬಂಡೆ ಶಾಸನಗಳನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಆ ಮೇಲೆ 1940ರ ದಶಕದ ಆರಂಭದಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ಕೈಗೊಂಡವರು ಡಾ. ಎಂ.ಎಚ್. ಕೃಷ್ಣ. ಅವರು ಮೈಸೂರು ವಿಶ್ವವಿದ್ಯಾನಿಲಯದ ಇತಿಹಾಸ ಪ್ರಾಧ್ಯಾಪಕರೂ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರೂ ಆಗಿದ್ದರು. ಇಲಾಖೆಯ ವಾರ್ಷಿಕ ವರದಿಗಳನ್ನು ಪ್ರಕಟಿಸುತ್ತಿದ್ದುದೂ ವಿಶ್ವವಿದ್ಯಾನಿಲಯವೇ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪರವಾಗಿ ಅಲ್ಲಿಯೇ ಮತ್ತೆ ಅಗೆತ ನಡೆಸಿದರು. ದಕ್ಷಿಣ ಭಾರತದ ಬೃಹತ್ ಶಿಲಾಸಂಸ್ಕೃತಿಯ ಕಾಲಾನುಕ್ರಮಣಿಕೆಗೆ ಆ ಅಗೆತ ಬುನಾದಿಯಾಯಿತು. ಆದರೆ ಈ ಎಲ್ಲ ವರದಿಗಳೂ ಇಂಗ್ಲಿಷಿನಲ್ಲಿದ್ದವು. ತಮ್ಮ ಹೊಲದ ಅಂಚಿನಲ್ಲಿದ್ದ ಬಂಡೆ ಮತ್ತು ಗುಂಡಿಗಳ ಬಗ್ಗೆ ಲೋಕಕ್ಕೆ ತಿಳಿದುದು ಹೊಲದ ಒಡೆಯರಿಗೆ ಕನ್ನಡದಲ್ಲಿ ತಿಳಿಯಲು ಬಹಳ ಕಾಲ ಹಿಡಿಯಿತು. ಕೊಂಡೊಯ್ಯುವುದು ಬೇಗ, ಹಿಂದಿರುಗಿಸುವುದು ನಿಧಾನ ಎಂಬ ಕ್ರಮವನ್ನು ಇಲ್ಲಿ ಮೊದಲ ಬಾರಿಗೆ ಗುರುತಿಸಬಹುದು.

ಇದೇ ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳ ಮೂಲಕ ಅಧ್ಯಾಪಕರನ್ನು ಊರುಗಳಿಗೆ ಕಳುಹಿಸಿ ಕನ್ನಡದಲ್ಲಿ ಮಾತನಾಡಿಸಿ, ಆ ಮಾತುಗಳನ್ನು ಅಗ್ಗದ ಬೆಲೆಯ ಪುಸ್ತಿಕೆಗಳಾಗಿ ಪ್ರಕಟಿಸಿದ್ದನ್ನು ಮರೆಯುವಂತಿಲ್ಲ. ಆದರೆ ಆ ಯೋಜನೆಯ ತಿಳಿವಳಿಕೆಯಲ್ಲಿ ಜ್ಞಾನ ಇದ್ದದ್ದು ಒಂದು ಕಡೆ, ಅದರ ಅಗತ್ಯ ಇದ್ದದ್ದು ಇನ್ನೊಂದು ಕಡೆ. ಹಳ್ಳಿಯು ಕೇಳಬೇಕಾದ ಸ್ಥಳವೇ ಹೊರತು ಹೇಳುವ ಸ್ಥಳವಲ್ಲ. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪನೆಗೊಂಡು, ಜೀ.ಶಂ. ಪರಮಶಿವಯ್ಯ ಮೊದಲಾದವರ ಶ್ರಮದಿಂದ ಜಾನಪದವು ವಿಶ್ವವಿದ್ಯಾನಿಲಯದ ಶಿಸ್ತಾದಾಗ ಈ ತಿಳಿವಳಿಕೆ ತಿರುವು ಪಡೆಯಿತು. ಹೇಳುವವರು ಹಟ್ಟಿಯವರಾದರು, ಕೇಳುವವರು ಅಧ್ಯಾಪಕರಾದರು.

ಹೀಗೆ ಕೇಳಲು ಬಂದವರಿಗೆ ಚಳ್ಳಕೆರೆ–ಮೊಳಕಾಲ್ಮೂರು ಸೀಮೆ ತುಂಬಿದ ಕಣಜವಾಗಿತ್ತು. ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ. ಮ್ಯಾಸಬೇಡರ ಗಾದ್ರಿ ಪಾಲನಾಯಕ, ಜಗಳೂರು ಪಾಪನಾಯಕ ಮುಂತಾದ ಪಶುಪಾಲಕ ವೀರರ ಕಥನಗಳು ಇಲ್ಲಿನ ಹಟ್ಟಿಗಳಲ್ಲಿ ಹಾಡಿನಲ್ಲಿಯೂ ಆಚರಣೆಯಲ್ಲಿಯೂ ಜೀವಂತವಾಗಿದ್ದವು. ಗಣೆಯೆಂಬ ಉದ್ದನೆಯ ಬಿದಿರ ಕೊಳಲನ್ನು ಊದುತ್ತ ಜುಂಜಪ್ಪನನ್ನು ಹಾಡುವ ಕ್ರಮ, ಪುರ್ಲಹಳ್ಳಿಯ ಕ್ಯಾತಪ್ಪನ ಜಾತ್ರೆಯಲ್ಲಿ ಬಾರೆ ಮುಳ್ಳಿನ ಗುಡಿಯನ್ನು ಬರಿಗಾಲಿನಲ್ಲಿ ಏರಿ ಕಳಶ ತೆಗೆಯುವ ಆಚರಣೆ, ಮ್ಯಾಸಬೇಡರು ದುಡಿಮೆಗೆ ಹೂಡದೆ ಕಿಲಾರಿಗಳ ಮೂಲಕ ಸಾಕುವ ದೇವರ ಎತ್ತುಗಳು: ಇವು ಪ್ರತ್ಯೇಕ ಸಂಗತಿಗಳಲ್ಲ. ಎಲ್ಲವೂ ದನ ಮತ್ತು ಹುಲ್ಲಿನ ಸುತ್ತ ಕಟ್ಟಿದ ಒಂದು ಬದುಕಿನ ಅಂಗಗಳು. ಈ ಮಾತಿಗೆ ಮುಂದೆ ಮರಳಬೇಕಾಗುತ್ತದೆ.

ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ ಮತ್ತು ನಂಬಿಕೆಗಳನ್ನು ಕುರಿತು ನಡೆಸಿದ ಅಧ್ಯಯನ ಈ ಕ್ಷೇತ್ರದ ಆರಂಭದ ಗಂಭೀರ ಪ್ರಯತ್ನಗಳಲ್ಲೊಂದು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಬೋಧನೆಗಿಂತ ಸಂಶೋಧನೆಯನ್ನು ಗುರಿಯಾಗಿ ಇರಿಸಿಕೊಂಡು, ಬುಡಕಟ್ಟು ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವನ್ನೇ ತೆರೆದು, ಜುಂಜಪ್ಪ ಸೇರಿದಂತೆ ಹಲವು ಮೌಖಿಕ ಮಹಾಕಾವ್ಯಗಳನ್ನು ಪ್ರಕಟಿಸಿತು. ಕಾವ್ಯವೆಂಬ ಹೆಸರನ್ನು ಅರಮನೆ ಮತ್ತು ಮಠಗಳ ಕೃತಿಗಳಿಗಷ್ಟೇ ಮೀಸಲಿಟ್ಟಿದ್ದ ಸಾಹಿತ್ಯ ಚರಿತ್ರೆಗೆ ಇದು ದೊಡ್ಡ ತಿದ್ದುಪಡಿ.

ಈ ಎಲ್ಲದರ ನಡುವೆ ಸಿರಿಯಜ್ಜಿಯ ಪ್ರಸಂಗ ವಿಶೇಷ ಗಮನಕ್ಕೆ ಅರ್ಹವಾಗಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಈ ಅನಕ್ಷರಸ್ಥ ಹಾಡುಗಾರ್ತಿಯ ನೆನಪಿನಲ್ಲಿದ್ದ ಪದಗಳ ಮೊತ್ತವನ್ನು ಸಾವಿರಗಳಲ್ಲಿ ಹೇಳುವುದು ವಾಡಿಕೆ. ಆಕೆಯನ್ನು ಕನ್ನಡ ವಿದ್ವತ್ ಲೋಕಕ್ಕೆ ಪರಿಚಯಿಸಿದವರಲ್ಲಿ ಪ್ರಮುಖರು, ಚಳ್ಳಕೆರೆಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಕೃಷ್ಣಮೂರ್ತಿ ಹನೂರು. ಶೀರ್ಷಿಕೆಯಲ್ಲಿಯೇ ಸಿರಿಯನ್ನು ಹುದುಗಿಸಿಕೊಂಡ 'ಸಾವಿರದ ಸಿರಿ ಬೆಳಗು' ಆ ಒಡನಾಟದ ಫಲ. ಮುಂದೆ ಕನ್ನಡ ವಿಶ್ವವಿದ್ಯಾಲಯವು ಸಿರಿಯಜ್ಜಿಗೆ ನಾಡೋಜ ಗೌರವ ಪದವಿಯನ್ನಿತ್ತು ಪುರಸ್ಕರಿಸಿತು.

ಇಲ್ಲಿ ಗಮನಿಸಬೇಕಾದುದು ಪುರಸ್ಕಾರವನ್ನಷ್ಟೇ ಅಲ್ಲ, ಒಡನಾಟದ ಸ್ವರೂಪವನ್ನು. ಕ್ಷೇತ್ರಕಾರ್ಯಕ್ಕೆಂದು ದೂರದಿಂದ ಬರುವ ಸಂಶೋಧಕನಿಗೆ ಹಟ್ಟಿ ಕೊಡುವುದು ಒಂದೆರಡು ದಿನ, ಹೆಚ್ಚೆಂದರೆ ಒಂದೆರಡು ವಾರ. ಆತನ ಪ್ರಶ್ನಾವಳಿ ಸಿದ್ಧವಾಗಿರುತ್ತದೆ. ಹಾಡುವವರಿಗೆ ಬಿಡುವಿಲ್ಲದಿದ್ದರೂ ಹಾಡು ಬರಬೇಕು. ಬಿತ್ತನೆಯ ಪದವನ್ನು ಬೇಸಿಗೆಯಲ್ಲಿ, ಸೋಬಾನೆಯನ್ನು ಮದುವೆಯಿಲ್ಲದ ಮನೆಯಲ್ಲಿ ಹಾಡಿಸಿದ ಉದಾಹರಣೆಗಳು ಜಾನಪದ ಸಂಗ್ರಹದ ಚರಿತ್ರೆಯಲ್ಲಿ ಕಡಿಮೆಯೇನಲ್ಲ. ಊರಿನ ಕಾಲೇಜಿನಲ್ಲಿಯೇ ಪಾಠ ಹೇಳುವ ಅಧ್ಯಾಪಕನ ಸ್ಥಿತಿ ಬೇರೆ. ಆತನ ತರಗತಿಯಲ್ಲಿ ಹಟ್ಟಿಯ ಹುಡುಗರು ಕೂತಿರುತ್ತಾರೆ. ಸಂತೆಯಲ್ಲಿ ಹಟ್ಟಿಯ ಹಿರಿಯರು ಎದುರಾಗುತ್ತಾರೆ. ಬರೆದದ್ದು ತಪ್ಪಾದರೆ ಕೇಳುವವರು ಹತ್ತಿರದಲ್ಲಿಯೇ ಇರುತ್ತಾರೆ. ವಿಶ್ವವಿದ್ಯಾಲಯ ಮತ್ತು ಸಮುದಾಯಗಳ ಸಂಬಂಧವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಕುಲಪತಿಗಳ ಯೋಜನೆಗಳನ್ನು, ವಿಭಾಗಗಳ ಸಾಧನೆಗಳನ್ನು ಲೆಕ್ಕ ಹಾಕುತ್ತವೆ. ಈ ಸೀಮೆಯ ಮಟ್ಟಿಗೆ ಆ ಸಂಬಂಧವನ್ನು ನಿಜವಾಗಿ ಕಟ್ಟಿದವರು ತಾಲ್ಲೂಕು ಕೇಂದ್ರದ ಕಾಲೇಜುಗಳ ಅಧ್ಯಾಪಕರೆಂದು ಹೇಳುವುದು ಹೆಚ್ಚು ಸೂಕ್ತ. ಅಂಥವರು ವರ್ಗಾವಣೆಯಾಗಿ ಹೋದ ಮೇಲೆ ಸಂಬಂಧವೂ ತೆಳುವಾಗುತ್ತದೆ ಎಂಬುದು ಇದರ ಇನ್ನೊಂದು ಮುಖ.

ಜಾನಪದ ಸಂಗ್ರಹ ಗ್ರಂಥಗಳ ರಚನೆಯನ್ನೂ ಇಲ್ಲಿ ಪರಿಶೀಲಿಸಬಹುದು. ಮುಖಪುಟದಲ್ಲಿ ಸಂಪಾದಕರ ಹೆಸರು. ಕೊನೆಯ ಪುಟಗಳಲ್ಲಿ 'ವಕ್ತೃಗಳ ಪಟ್ಟಿ' ಎಂಬ ಶೀರ್ಷಿಕೆಯಡಿ ಹೆಸರು, ವಯಸ್ಸು, ಜಾತಿ, ಊರು. ಸಿರಿಯಜ್ಜಿಯಂಥವರು ಆ ಪಟ್ಟಿಯಿಂದ ಹೊರಬಂದು ಗ್ರಂಥದ ಕೇಂದ್ರವಾದದ್ದು ವಿರಳ. ಪಿಎಚ್.ಡಿ. ಪದವಿಗೆ ಸಂಬಂಧಿಸಿದಂತೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯು ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಆಯೋಗಕ್ಕೆ ಸಲ್ಲಿಸಬೇಕೆಂದು ವಿಧಿಸಿತು. ಇಂದು 'ಶೋಧಗಂಗಾ' ಕೋಶದಲ್ಲಿ ಅವುಗಳನ್ನು ಯಾರು ಬೇಕಾದರೂ ನೋಡಬಹುದು. ಹಾಡಿದವರ ಹಟ್ಟಿಗೆ ಒಂದು ಪ್ರತಿ ಸಲ್ಲಬೇಕೆಂಬ ಮಾತು ಆ ನಿಯಮದಲ್ಲಿಲ್ಲ. ಜಗತ್ತಿಗೆ ತೆರೆದ ಬಾಗಿಲು ಹಟ್ಟಿಯ ಕಡೆಗೆ ಇನ್ನೂ ತೆರೆದಿಲ್ಲ.

ಸಂಶೋಧಕರ ಇನ್ನೊಂದು ಮೌನವನ್ನೂ ಹೇಳದಿರಲಾಗದು. ಬಾಣಂತಿಯರನ್ನೂ ಮುಟ್ಟಾದ ಹೆಣ್ಣುಮಕ್ಕಳನ್ನೂ ಹಟ್ಟಿಯ ಹೊರಗಿರಿಸುವ ಕಾಡುಗೊಲ್ಲರ ಪದ್ಧತಿಯನ್ನು 'ಸೂತಕದ ಆಚರಣೆ' ಎಂಬ ಅಧ್ಯಾಯದಲ್ಲಿ ವಿವರವಾಗಿ ದಾಖಲಿಸಿ, ಚಳಿಯಲ್ಲಿ ಮಲಗಿದ ಬಾಣಂತಿಯ ಆರೋಗ್ಯದ ಪ್ರಶ್ನೆಯನ್ನು ಎತ್ತದೆ ಮುಗಿಸುವ ಬರಹಗಳು ಉಂಟು. ಸಂಪ್ರದಾಯವನ್ನು ಗೌರವಿಸುವುದು ಬೇರೆ, ಸಂಕಟದ ಎದುರು ತಟಸ್ಥನಾಗುವುದು ಬೇರೆ. ಹಾಡಿನ ಸಂಪತ್ತಿಗೆ ಬೆರಗಾದವರು ಹಾಡಿದವರ ಬದುಕಿನ ಕಷ್ಟಕ್ಕೆ ಕುರುಡಾಗುವ ಅಪಾಯ ಜಾನಪದ ಅಧ್ಯಯನದೊಳಗೇ ಇದೆ.

ವಿಶ್ವವಿದ್ಯಾಲಯಗಳ ವ್ಯಾಪ್ತಿಯ ಗೆರೆಗಳೂ ಸಮುದಾಯದ ಗೆರೆಗಳೂ ಹೊಂದಿಕೆಯಾಗುವುದಿಲ್ಲ. ಮ್ಯಾಸಬೇಡರ ಮನೆಮಾತು ತೆಲುಗು. ಅವರ ನಂಟಸ್ತಿಕೆ ಗಡಿಯಾಚೆಯ ರಾಯದುರ್ಗ, ಕಲ್ಯಾಣದುರ್ಗಗಳವರೆಗೆ ಹಬ್ಬಿದೆ. ಚಳ್ಳಕೆರೆಯ ಕಡೆಯವರು ದಾವಣಗೆರೆಗೆ, ಕೂಡ್ಲಿಗಿಯ ಕಡೆಯವರು 2010ರಲ್ಲಿ ಆರಂಭಗೊಂಡ ಬಳ್ಳಾರಿಯ ವಿಶ್ವವಿದ್ಯಾಲಯಕ್ಕೆ, ರಾಯದುರ್ಗದವರು ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದವರು. ಒಂದೇ ದೇವರ ಎತ್ತುಗಳ ಹಿಂಡಿಗೆ ನಡೆದುಕೊಳ್ಳುವ ಜನರನ್ನು ಮೂರು ವಿಶ್ವವಿದ್ಯಾಲಯಗಳು ಎರಡು ಭಾಷೆಗಳಲ್ಲಿ ಅಧ್ಯಯನ ಮಾಡಿ, ಪರಸ್ಪರರ ಗ್ರಂಥಗಳನ್ನು ಓದದಿರುವುದು ಸಾಧ್ಯ.

ಇಲ್ಲಿಯವರೆಗೆ ಹೇಳಿದ್ದು ಹಾಡು ಕೇಳಲು ಬಂದ ವಿದ್ಯಾಸಂಸ್ಥೆಗಳ ಮಾತು. ನೆಲ ಪಡೆಯಲು ಬಂದ ವಿದ್ಯಾಸಂಸ್ಥೆಯ ಪ್ರಸಂಗ ಇದಕ್ಕಿಂತ ಭಿನ್ನವಾದುದು. ಎರಡನ್ನೂ ಒಟ್ಟಿಗೆ ಇರಿಸಿ ನೋಡದ ಹೊರತು ಈ ಸೀಮೆಯ ಅನುಭವ ಪೂರ್ತಿ ಅರ್ಥವಾಗುವುದಿಲ್ಲ.

ಅಮೃತಮಹಲ್ ಕಾವಲುಗಳ ಮೂಲವನ್ನು ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯವರೆಗೆ ಗುರುತಿಸುವುದು ರೂಢಿ. ಹೈದರ್ ಮತ್ತು ಟಿಪ್ಪು ಅದನ್ನು ವಿಸ್ತರಿಸಿದರು. ಅಮೃತಮಹಲ್ ಎಂಬ ಹೆಸರು ಟಿಪ್ಪುವಿನ ಕಾಲದ್ದು. ಫಿರಂಗಿ ಎಳೆಯುವ, ದಣಿವರಿಯದೆ ನಡೆಯುವ ಎತ್ತುಗಳಿಗಾಗಿ ಮಳೆಗಾಲ, ಚಳಿಗಾಲ, ಬೇಸಿಗೆಗಳಿಗೆ ಬೇರೆ ಬೇರೆ ಹುಲ್ಲುಗಾವಲುಗಳನ್ನು ಕಾದಿರಿಸಲಾಗಿತ್ತು. ಕಾವಲು ಎಂಬ ಹೆಸರೇ ಸೂಚಿಸುವಂತೆ ಅದು ಕಾಯ್ದಿಟ್ಟ ನೆಲ. ಸೈನ್ಯಕ್ಕೆ ಎತ್ತುಗಳ ಅಗತ್ಯ ತೀರಿದ ಮೇಲೂ ಸುತ್ತಲಿನ ಹಟ್ಟಿ ಹಳ್ಳಿಗಳ ದನ, ಕುರಿ, ಮೇಕೆಗಳು ಅಲ್ಲಿ ಮೇಯುತ್ತ ಬಂದವು. ದಾಖಲೆಯಲ್ಲಿ ಸರ್ಕಾರದ್ದಾದ ನೆಲ ಬಳಕೆಯಲ್ಲಿ ಎಲ್ಲರದೂ ಆಗಿತ್ತು. ಚಳ್ಳಕೆರೆಯ ಹೆಸರಾಂತ ಕಂಬಳಿಯ ಹಿಂದೆ ಇರುವುದು ಈ ಹುಲ್ಲು. ಕುರಿಯ ಉಣ್ಣೆ ಕತ್ತರಿಸಿ, ನೂತು, ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿಮಾಡಿದ ಕಂಬಳಿ ಸಂತೆಗೆ ಬರುವವರೆಗಿನ ಕಸುಬಿನ ಸರಪಳಿಯಲ್ಲಿ ಮೊದಲ ಕೊಂಡಿಯೇ ಕಾವಲು.

2008ರ ನಂತರದ ನಾಲ್ಕೈದು ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಖುದಾಪುರ, ವರವು ಮತ್ತು ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆ ನೆಲವನ್ನು ಹಲವು ಸಂಸ್ಥೆಗಳಿಗೆ ಹಂಚಲಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗೆ 573 ಎಕರೆ ದೊರೆತವು. ಭಾರತೀಯ ವಿಜ್ಞಾನ ಸಂಸ್ಥೆಗೆ ಖುದಾಪುರ ಕಾವಲಿನಲ್ಲಿ 1,500 ಎಕರೆ ದೊರೆಯಿತು. ಈ ಸಂಸ್ಥೆಯು ಪ್ರಾದೇಶಿಕ ವಿಶ್ವವಿದ್ಯಾಲಯವಲ್ಲ, ನಿಜ. ಆದರೆ ಪದವಿ ನೀಡುವ, ಸಂಶೋಧನೆ ನಡೆಸುವ ವಿದ್ಯಾಸಂಸ್ಥೆಯಾಗಿ ಅದು ಹಟ್ಟಿಗಳ ಎದುರಿಗೇ ಬಂದು ನೆಲೆಸಿತು. ಬೆಂಗಳೂರಿನ ಅದರ ಮೂಲ ಆವರಣಕ್ಕೆ ಮೈಸೂರು ಸಂಸ್ಥಾನವು ಕೊಟ್ಟದ್ದು 371 ಎಕರೆ ಎಂಬುದನ್ನು ನೆನೆದರೆ ಚಳ್ಳಕೆರೆಯ ನೆಲದ ವಿಸ್ತಾರ ಮನವರಿಕೆಯಾದೀತು.

ಬೇಲಿ ಮತ್ತು ಗೋಡೆಗಳು ಎದ್ದ ಮೇಲೆ ಪ್ರತಿಭಟನೆಗಳು ನಡೆದವು. ರಾಷ್ಟ್ರೀಯ ಹಸಿರು ನ್ಯಾಯಪೀಠದ ಚೆನ್ನೈ ಪೀಠದ ಮುಂದೆ 2013ರಲ್ಲಿ ಅರ್ಜಿಗಳು ಬಂದವು. ನ್ಯಾಯಪೀಠವು ಸ್ಥಳ ಪರಿಶೀಲನೆಗೆ ಸಮಿತಿಯನ್ನು ನೇಮಿಸಿತು. 2014ರ ತೀರ್ಪು ಷರತ್ತುಗಳನ್ನು ವಿಧಿಸಿತಾದರೂ ಯೋಜನೆಗಳನ್ನು ರದ್ದುಗೊಳಿಸಲಿಲ್ಲ. ಗೋಡೆಯೊಳಗಿನ ನೆಲದಲ್ಲಿ ಒಳ್ಳೆಯ ಕೆಲಸಗಳೇ ನಡೆಯಲಿಲ್ಲವೆಂದೇನೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯು ಅಲ್ಲಿ ತೆರೆದ ಕೇಂದ್ರದಲ್ಲಿ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಾಲಯದ ತರಬೇತಿ ನೀಡುತ್ತ ಬಂದಿದೆ. ಪ್ರಯೋಗವನ್ನು ಕಣ್ಣಾರೆ ಕಾಣದೆ ಕಪ್ಪುಹಲಗೆಯ ಮೇಲೆ ಮಾತ್ರ ರಸಾಯನಶಾಸ್ತ್ರವನ್ನು ಕಲಿಯುವ ಮಕ್ಕಳಿರುವ ನಾಡಿನಲ್ಲಿ ಇದರ ಬೆಲೆಯನ್ನು ಕಡಿಮೆಯೆನ್ನಲಾಗದು. ಹವಾಮಾನ ಅಧ್ಯಯನದ ವೀಕ್ಷಣಾಲಯವೂ ಅಲ್ಲಿದೆ. ಆದರೆ ತರಬೇತಿಯ ಫಲ ರಾಜ್ಯಕ್ಕೆಲ್ಲ ಹಂಚಿಹೋಗುತ್ತದೆ. ಹುಲ್ಲಿನ ನಷ್ಟ ಹಂಚಿಹೋಗುವುದಿಲ್ಲ. ಅದು ಸುತ್ತಲಿನ ಹಟ್ಟಿಗಳಿಗೆ ಮಾತ್ರ ಸೇರಿದ್ದು.

ಒಂದೇ ಸಮುದಾಯವು ಎರಡು ಬಗೆಯ ವಿದ್ಯಾಸಂಸ್ಥೆಗಳಿಗೆ ಎರಡು ಬಗೆಯಲ್ಲಿ ಕಂಡಿತು. ಜಾನಪದ ವಿಭಾಗಕ್ಕೆ ಆ ಜನ 'ವಕ್ತೃಗಳು', ಪರಂಪರೆಯ ವಾರಸುದಾರರು. ನೆಲದ ದಾಖಲೆಯಲ್ಲಿ ಅವರು ಹೆಸರಿಲ್ಲದವರು, ಗೋಡೆ ಎದ್ದ ಮೇಲೆ ಅತಿಕ್ರಮಿಗಳು. ಹಾಡನ್ನು ಸಂಗ್ರಹಿಸಿದ ವಿದ್ವತ್ತು, ಆ ಹಾಡು ಹುಟ್ಟಿದ ಹುಲ್ಲುಗಾವಲು ಕೈಬಿಟ್ಟು ಹೋಗುವಾಗ ತನ್ನ ಬಳಿಯಿದ್ದ ತಿಳಿವಳಿಕೆಯನ್ನು ಸಾಕ್ಷ್ಯವೆಂದು ಭಾವಿಸಲಿಲ್ಲ. ಅದನ್ನು ಸಾಹಿತ್ಯವೆಂದಷ್ಟೇ ಭಾವಿಸಿತು.

ಅದು ಸಾಕ್ಷ್ಯವೂ ಹೌದು. ಪಶುಪಾಲಕ ಕಥನಗಳಲ್ಲಿ ವೀರನ ಸಾಹಸದಷ್ಟೇ ಮುಖ್ಯವಾದುದು ದನ ಹೊಡೆದುಕೊಂಡು ಹೋದ ದಾರಿ: ಎಲ್ಲಿ ತಂಗಿದರು, ಎಲ್ಲಿ ನೀರು ಕುಡಿಸಿದರು, ಯಾವ ಗುಡ್ಡದ ಬದಿಯಲ್ಲಿ ರೊಪ್ಪ ಹಾಕಿದರು. ಕಾವ್ಯದ ಓದುಗನಿಗೆ ಬೇಸರ ತರಿಸಬಹುದಾದ ಈ ಸ್ಥಳಗಳ ಪಟ್ಟಿ ಹಟ್ಟಿಯವರಿಗೆ ಬಳಕೆಯ ನಕ್ಷೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಸಮುದಾಯದ ಹಕ್ಕುಗಳಲ್ಲಿ ಮೇವಿನ ಹಕ್ಕನ್ನೂ ಸೇರಿಸುತ್ತದೆ. ಅದರ ನಿಯಮಗಳು ಹಕ್ಕನ್ನು ಸಮರ್ಥಿಸಲು ಸಲ್ಲಬಹುದಾದ ಸಾಕ್ಷ್ಯಗಳಲ್ಲಿ ಹಿರಿಯರ ಲಿಖಿತ ಹೇಳಿಕೆಗಳನ್ನೂ, ರೂಢಿ ಸಂಪ್ರದಾಯಗಳನ್ನು ಕುರಿತು ಹೆಸರಾಂತ ಸಂಸ್ಥೆಗಳು ನಡೆಸಿದ ಸಂಶೋಧನೆ ಮತ್ತು ದಾಖಲೀಕರಣವನ್ನೂ ಎಣಿಸುತ್ತವೆ. ಅಂದರೆ ವಿಶ್ವವಿದ್ಯಾಲಯದ ಕಪಾಟಿನಲ್ಲಿರುವ ಮಹಾಪ್ರಬಂಧವು ಗ್ರಾಮಸಭೆಯ ಮೇಜಿನ ಮೇಲೆ ದಸ್ತಾವೇಜಾಗಬಲ್ಲದು. ಪರಿಶಿಷ್ಟ ಪಂಗಡಕ್ಕೆ ಸೇರದ ಸಮುದಾಯಗಳು ಈ ಕಾಯಿದೆಯಡಿ 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ನೆಲೆಯನ್ನು ತೋರಿಸಬೇಕಾಗುತ್ತದೆ. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಹಳೆಯದು. ಆ ಬೇಡಿಕೆಯಲ್ಲಿಯೂ ಕುಲಶಾಸ್ತ್ರೀಯ ಅಧ್ಯಯನಗಳೇ ಆಧಾರ. ಕಾವಲು ಕಾನೂನಿನ ಅರ್ಥದಲ್ಲಿ ಅರಣ್ಯವೇ ಎಂಬುದು ವಾದಕ್ಕೆ ಎಡೆಯಿರುವ ವಿಷಯ. ವಾದಕ್ಕೆ ಎಡೆಯಿದೆ ಎಂಬ ಕಾರಣಕ್ಕಾಗಿಯೇ ಸಾಕ್ಷ್ಯ ಸಿದ್ಧವಾಗಿರಬೇಕಿತ್ತು.

ಈ ಕೆಲಸಕ್ಕೆ ಇಂದು ಹತ್ತಿರದಲ್ಲಿರುವ ವಿದ್ಯಾಕೇಂದ್ರ ಚಿತ್ರದುರ್ಗದ ಬಳಿಯ ಗುಡ್ಡದರಂಗವ್ವನಹಳ್ಳಿಯ 'ಜ್ಞಾನಗಂಗೋತ್ರಿ'. ಮೊದಲು ಕುವೆಂಪು ವಿಶ್ವವಿದ್ಯಾನಿಲಯಕ್ಕೆ, ಅನಂತರ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರಿದ ಈ ಸ್ನಾತಕೋತ್ತರ ಕೇಂದ್ರವು ಹಟ್ಟಿಯ ಮಕ್ಕಳಿಗೆ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿ ಉನ್ನತ ಶಿಕ್ಷಣವನ್ನು ತಂದಿತು. ಹಟ್ಟಿಯಲ್ಲಿ ಹುಟ್ಟಿದವರೇ ಸಂಶೋಧಕರಾಗುವ ಸಾಧ್ಯತೆ ಹೀಗೆ ತೆರೆಯಿತು. ಅವರಿಗೆ ಪ್ರಶ್ನಾವಳಿಯ ಅಗತ್ಯ ಕಡಿಮೆ, ಅನುವಾದಕರ ಅಗತ್ಯ ಇಲ್ಲ. ಸೂತಕದ ಗುಡಿಸಲಿನ ಚಳಿಯನ್ನು ಬಲ್ಲ ಹೆಣ್ಣುಮಕ್ಕಳು ಆ ಅಧ್ಯಾಯವನ್ನು ತಾವೇ ಬರೆದರೆ ಅದು ಬೇರೆಯೇ ಆದೀತು.

ಮೊದಲು ಕೈಗೊಳ್ಳಬಹುದಾದ ಕಾರ್ಯಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಪ್ರಕಟಿತ ಕಾವ್ಯಗಳಲ್ಲಿಯೂ ಹಳೆಯ ಧ್ವನಿಸುರುಳಿಗಳಲ್ಲಿಯೂ ಬರುವ ಹಳ್ಳ, ಗುಡ್ಡ, ಕಟ್ಟೆ, ರೊಪ್ಪ, ದಾರಿಗಳ ಹೆಸರುಗಳನ್ನು ಪಟ್ಟಿಮಾಡಿ, ಕಂದಾಯ ಇಲಾಖೆಯ ಗ್ರಾಮ ನಕಾಶೆ ಮತ್ತು ಸರ್ವೆ ನಂಬರುಗಳೊಂದಿಗೆ ಒಂದೊಂದಾಗಿ ಹೊಂದಿಸಿ ನೋಡುವುದು. ಹೊಂದಿದ ಪಟ್ಟಿಯ ಒಂದು ಪ್ರತಿಯನ್ನು ಆಯಾ ಗ್ರಾಮ ಪಂಚಾಯಿತಿಗೆ ಕೊಡುವುದು. ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ಪದವಿ ಕಾಲೇಜುಗಳ ಕನ್ನಡ, ಇತಿಹಾಸ, ಭೂಗೋಳ ವಿಭಾಗಗಳು ಸೇರಿ ಇದನ್ನು ಮಾಡಬಹುದು. ಖುದಾಪುರದ ಆವರಣದಲ್ಲಿ ನಕ್ಷೆ ತಯಾರಿಸಬಲ್ಲ ವಿಜ್ಞಾನಿಗಳೂ ನೆರೆಯಲ್ಲಿಯೇ ಇದ್ದಾರೆ. ದಾರಿಯ ಹೆಸರುಗಳನ್ನು ಹಾಡಿನಲ್ಲಿ ಬಲ್ಲವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ಪಟ್ಟಿಯನ್ನು ಗ್ರಂಥಾಲಯದಿಂದಲ್ಲ, ಹಟ್ಟಿಗಳಿಂದ ಆರಂಭಿಸಬೇಕಾಗುತ್ತದೆ.